ರಟ್ಟಿನ ಮೇಲಿನ ಕಲ್ಲು

ಬೈಂಡಿಂಗ್ ಶೆಡ್ಡಿನಲ್ಲಿ ನಮ್ಮ ಚಿಕ್ಕಮ್ಮನನ್ನು ಎಲ್ಲರೂ ಕರೆಯುವುದು ಅಂಟಕ್ಕ ಎಂದು. ಅವಳ ಸ್ವಂತ ಹೆಸರು ಸಂಬಳಕ್ಕೆ ಸಹಿ ಹಾಕುವ ದಿನ ಮಾತ್ರ ಹೊರಗೆ ಬರುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅವಳು ಮೈದಾ ಅಂಟು ಕಾಯಿಸುತ್ತಾಳೆ. ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ಗಂಟು ಉಳಿಯದಂತೆ ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ನಿಂತು, ಕೊನೆಗೆ ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಾಳೆ. ಆಮೇಲೆ ಒಂದು ತೊಟ್ಟು ಅಂಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಬೆರಳುಗಳನ್ನು ಮೆಲ್ಲಗೆ ಅಗಲಿಸುತ್ತಾಳೆ. ಮೋಟಾಗಿ ಪಟಕ್ಕನೆ ಬಿಟ್ಟುಕೊಂಡರೆ ಅದು ಗಟ್ಟಿ ಅಂಟು. ಪುಸ್ತಕದ ಬೆನ್ನನ್ನು ಬಿಗಿಯಾಗಿ ಹಿಡಿಯುತ್ತದೆ. ನೂಲಿನಂತೆ ಎಳೆದುಕೊಂಡು ಹೋದರೆ ನೀರಂಟು, ಏನನ್ನೂ ಹಿಡಿಯುವುದಿಲ್ಲ.

ಈ ಎರಡು ಬೆರಳಿನ ಪರೀಕ್ಷೆಯೇ ಅವಳನ್ನು ಒಮ್ಮೆ ದಾರಿ ತಪ್ಪಿಸಿತು. ಅದನ್ನು ಬರೆಯಲೇ ಎಂದು ಕೇಳಿದಾಗ ಚಿಕ್ಕಮ್ಮ, "ಬರಿ. ಆದ್ರೆ ನಾಚ್ಕೊಂಡು ಅರ್ಧ ನುಂಗಬೇಡ. ಅರ್ಧ ಕೇಳಿಸ್ಕೊಂಡಿದ್ದಕ್ಕೇ ನನಗೆ ಆ ಗತಿ ಬಂದಿದ್ದು" ಎಂದಳು. ಆದ್ದರಿಂದ ಅವಳು ಹೇಳಿದಷ್ಟನ್ನೂ ಬರೆಯುತ್ತಿದ್ದೇನೆ.

ಚಿಕ್ಕಪ್ಪನೂ ಅದೇ ಶೆಡ್ಡಿನಲ್ಲಿ ಕಟಿಂಗ್ ಮಷೀನಿನ ಮೇಲಿದ್ದಾನೆ. ಅವನ ಮಷೀನು ಬಾಗಿಲ ಬಳಿ, ಅವಳ ಒಲೆ ಹಿಂದಿನ ಗೋಡೆಗೆ. ನಡುವೆ ಪುಸ್ತಕದ ಒಟ್ಟಿಲುಗಳು. ಕಾಗದ ಕತ್ತರಿಸುವ ಹಾಗೆಯೇ ಅವನು ಮಾತನ್ನೂ ಕತ್ತರಿಸಿ ಆಡುತ್ತಾನೆ. "ಊಟ?" ಎಂದರೆ ಊಟ ಮಾಡೋಣವೇ ಎಂದರ್ಥ. "ಮಳೆ" ಎಂದರೆ ಕೊಡೆ ತಂದಿದ್ದೀಯಾ ಎಂದು.

ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿ ಇದೆ. ಹೊಸದಾಗಿ ಅಂಟು ಹಾಕಿದ ಪುಸ್ತಕಗಳನ್ನು ಸಾಲಾಗಿ ಒಟ್ಟಿ, ಮೇಲೊಂದು ರಟ್ಟು ಇಟ್ಟು, ರಟ್ಟಿನ ಮೇಲೆ ಕಲ್ಲು ಹೇರುತ್ತಾರೆ. ಕಲ್ಲು ಮೇಲಿದ್ದರೆ ಒಳಗೆ ಹಸಿ ಇದೆ, ಯಜಮಾನರೇ ಬಂದರೂ ಮುಟ್ಟುವಂತಿಲ್ಲ. ಒಣಗಿದ ಮೇಲೆ ಅಂಟಕ್ಕ ಕಲ್ಲನ್ನು ಇಳಿಸಿ ಪಕ್ಕಕ್ಕೆ ಇಡುತ್ತಾಳೆ. ಆಮೇಲೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಬಾಯಿಬಿಟ್ಟು ಯಾರೂ ಯಾರನ್ನೂ ಕೇಳುವುದಿಲ್ಲ, ಕಲ್ಲನ್ನು ನೋಡುತ್ತಾರೆ.

ಇವರಿಬ್ಬರ ಮೊದಲ ಮಗು ಪುಟ್ಟಿ ಹುಟ್ಟಿದಾಗ ಚಿಕ್ಕಮ್ಮನಿಗೆ ರಕ್ತ ಹೋಗಿ ಹೋಗಿ ಕೊನೆಗೆ ಹೊಟ್ಟೆ ಕೊಯ್ಯಬೇಕಾಯಿತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರಮ್ಮ ಚಿಕ್ಕಪ್ಪನನ್ನು ಕೂರಿಸಿಕೊಂಡು, "ಮೂರು ವರ್ಷ ಇನ್ನೊಂದು ಮಗುವಿನ ಮಾತೇ ಬೇಡ. ಈ ಗಾಯ ಗಟ್ಟಿಯಾಗೋ ಮುಂಚೆ ಬಸುರಾದ್ರೆ ಇವಳ ಜೀವಕ್ಕೇ ಅಪಾಯ" ಎಂದರು. ಚಿಕ್ಕಪ್ಪ ರಕ್ತ ಹೋದದ್ದನ್ನೂ ಈ ಮಾತನ್ನೂ ತನ್ನ ತಾಯಿಗೆ ಹೇಳಲಿಲ್ಲ. ಅಜ್ಜಿಗೆ ರಕ್ತದೊತ್ತಡ ಇತ್ತು, ಹೆದರಿಯಾಳು ಎಂದುಕೊಂಡ. ಅಜ್ಜಿಯ ಬದಲು ತಾನೇ ಹೆದರಿಕೊಂಡ. ಮನೆಗೆ ಬಂದವನು ತನ್ನ ಚಾಪೆ, ದಿಂಬು ಎತ್ತಿಕೊಂಡು ಹೋಗಿ ಮುಂದಿನ ಕೋಣೆಯಲ್ಲಿ, ಅಜ್ಜಿಯ ಮಂಚದ ಪಕ್ಕ ಹಾಸಿಕೊಂಡುಬಿಟ್ಟ.

"ಯಾಕೋ, ಜಗಳ ಆಡ್ಕೊಂಡ್ರಾ?" ಎಂದಳು ಅಜ್ಜಿ.

"ಸೆಖೆ."

"ಈ ಚಳೀಲಿ ಸೆಖೆನಾ? ಜ್ವರ ಗಿರ ಬಂತೇನೋ?"

ಚಿಕ್ಕಮ್ಮನಿಗೆ ಬಸುರು ತಡೆಯುವ ಮಾತ್ರೆ ಕೊಟ್ಟಿದ್ದರು. ನುಂಗಿದರೆ ತಲೆ ಒಡೆಯುವಂಥ ನೋವು, ವಾಂತಿ. ಬೇರೆ ಮಾತ್ರೆಗೂ ಅದೇ ಕಥೆ. ಒಳಗೆ ಹಾಕಿಸಿಕೊಳ್ಳುವ ಸಾಧನವೂ ಅವಳಿಗೆ ಒಗ್ಗಲಿಲ್ಲ, ತೆಗೆಸಬೇಕಾಯಿತು. ಎಷ್ಟೋ ಜನರಿಗೆ ಇವೆಲ್ಲ ಚೆನ್ನಾಗಿಯೇ ಹೊಂದುತ್ತವೆ, ಅವಳ ಮೈಗೆ ಹೊಂದಲಿಲ್ಲ ಅಷ್ಟೆ. ಇನ್ನು ಉಳಿದಿದ್ದು ಚಿಕ್ಕಪ್ಪ ಔಷಧಿ ಅಂಗಡಿಗೆ ಹೋಗಿ ತರಬೇಕಾದ ನಿರೋಧ್. ಅಂಗಡಿಯವನು ಅವನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಚಿಕ್ಕಪ್ಪ ಪ್ರತಿ ಸಲವೂ ಗಟ್ಟಿ ಮನಸ್ಸು ಮಾಡಿಕೊಂಡು ಹೋದ. "ಏನಪ್ಪಾ ಬೇಕು?" ಎಂದು ಗೆಳೆಯ ಕೇಳಿದ ಕೂಡಲೇ ಕೆಮ್ಮು ಬಂತು. ಗೆಳೆಯ ಪ್ರತಿ ಸಲವೂ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ. ಮನೆಯ ಗೂಡಿನಲ್ಲಿ ಕೆಂಪು ಸೀಸೆಗಳ ಸಾಲೇ ನಿಂತಿತು. "ಇಷ್ಟೊಂದು ಕೆಮ್ಮೋನ ಪಕ್ಕ ನನ್ನನ್ನ ಮಲಗಿಸಿದ್ದೀರಲ್ರೋ" ಎಂದು ಅಜ್ಜಿ ಗೊಣಗಿದಳು.

ಹೀಗೇ ದಿನಗಳು ಕಳೆದವು. ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದರು, ಒಟ್ಟಿಗೆ ಬರುತ್ತಿದ್ದರು. ಆದರೆ ನಡುವೆ ಒಂದು ಗೋಡೆ ಎದ್ದಿತ್ತು. "ಕೈ ಹಿಡ್ಕೊಂಡ್ರೂ ಎಲ್ಲಿ ಬಸುರಾಗ್ತೀನೋ ಅನ್ನೋ ಹಾಗೆ ದೂರ ದೂರ ನಡೀತಿದ್ರು ನಿನ್ನ ಚಿಕ್ಕಪ್ಪ" ಎಂದು ಚಿಕ್ಕಮ್ಮ ಈಗ ನಗುತ್ತಾಳೆ. ಆಗ ನಗು ಬರುತ್ತಿರಲಿಲ್ಲವಂತೆ.

ಪುಟ್ಟಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ನರ್ಸಮ್ಮ ಅವಳಿಗೆ ಹೇಳಿದರು: ಔಷಧಿ ಇಲ್ಲದೆ, ಮೈಯ ಗುರುತು ನೋಡಿಕೊಂಡು ನಡೆಯುವ ದಾರಿಯೊಂದಿದೆ, ಅದನ್ನು ಕಲಿಸುತ್ತೇವೆ, ಬಾ ಎಂದು. ಚಿಕ್ಕಮ್ಮ ಆ ಸಭೆಗೆ ಹೋಗಿ ಎಲ್ಲರ ಹಿಂದೆ, ಗೋಡೆಗೆ ಒರಗಿ ಕೂತಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಸೆರಗು ತಿರುವುತ್ತಿದ್ದರು. ನರ್ಸಮ್ಮನಿಗೆ ಮಾತ್ರ ಸಂಕೋಚವೇ ಇಲ್ಲ, ತರಕಾರಿ ರೇಟು ಹೇಳುವ ಹಾಗೆ ಹೇಳುತ್ತಾ ಹೋದರು. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತಿರುತ್ತದೆ. ಆಮೇಲೆ ಒಳಗಿನಿಂದ ಬರುವ ತೇವ ಮೊದಲು ಗಟ್ಟಿಯಾಗಿ, ಅಂಟಂಟಾಗಿ ಇರುತ್ತದೆ. ಬರಬರುತ್ತಾ ತಿಳಿಯಾಗಿ, ಜಾರುವಂತಾಗಿ, ಬೆರಳಲ್ಲಿ ಹಿಡಿದರೆ ಮೊಟ್ಟೆಯ ಬಿಳಿಯ ಹಾಗೆ ನೂಲು ಎಳೆಯುತ್ತದೆ.

ಚಿಕ್ಕಮ್ಮನ ಕಿವಿ ನೆಟ್ಟಗಾಯಿತು. ಉಳಿದವರೆಲ್ಲ ಮುಖ ಸಿಂಡರಿಸಿಕೊಂಡಿದ್ದಾಗ ಅವಳೊಬ್ಬಳು, ಅಯ್ಯೋ ಇದು ನನ್ನ ದಿನದ ಕೆಲಸವೇ ಅಲ್ಲವೇ ಎಂದುಕೊಂಡಳು. ಅಷ್ಟರಲ್ಲಿ ಪುಟ್ಟಿ ಸೂರು ಹಾರಿಹೋಗುವಂತೆ ಅಳಲು ಶುರುಮಾಡಿತು. ಎತ್ತಿಕೊಂಡು ವರಾಂಡಕ್ಕೆ ಹೋಗಿ, ಕಾಗೆ ತೋರಿಸಿ, ಸಮಾಧಾನ ಮಾಡಿ ತಿರುಗಿ ಬರುವ ಹೊತ್ತಿಗೆ ನರ್ಸಮ್ಮ, "... ಆ ದಿನಗಳಲ್ಲಿ ಮಾತ್ರ ಜೋಪಾನ, ಗೊತ್ತಾಯ್ತಲ್ಲ?" ಎನ್ನುತ್ತಿದ್ದರು. ಎಲ್ಲರೂ ತಲೆ ಆಡಿಸಿದರು. ಚಿಕ್ಕಮ್ಮನೂ ಆಡಿಸಿದಳು.

ಯಾವ ದಿನಗಳು ಎಂದು ಕೇಳಬಹುದಿತ್ತು. ಕೇಳುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ಹದಿನಾರನೇ ವಯಸ್ಸಿನಿಂದ ಅಂಟು ಕಾಯಿಸಿದ ಕೈ ಅದು. ಗಟ್ಟಿ ಅಂಟು ಹಿಡಿಯುತ್ತದೆ, ನೂಲೆಳೆಯುವ ನೀರಂಟು ಹಿಡಿಯುವುದಿಲ್ಲ. ಹಾಗಾದರೆ ಜೋಪಾನ ಮಾಡಬೇಕಾದದ್ದು ಗಟ್ಟಿ ದಿನಗಳಲ್ಲಿ, ಜಾರುವ ದಿನಗಳಲ್ಲಿ ಭಯವೇ ಇಲ್ಲ. ಇಷ್ಟು ಸುಲಭದ್ದಕ್ಕೆ ಇವರೆಲ್ಲ ಯಾಕೆ ಇಷ್ಟು ಒದ್ದಾಡುತ್ತಿದ್ದಾರೆ ಎಂದುಕೊಂಡು ಹಗುರವಾಗಿ ಮನೆಗೆ ಬಂದಳು.

ಚಿಕ್ಕಪ್ಪನಿಗೆ ಹೇಳುವುದು ಹೇಗೆ? ಬಾಯಲ್ಲಿ ಹೇಳಿದರೆ ಅವನಿಗೆ ಮತ್ತೆ ಕೆಮ್ಮು ಬರುತ್ತದೆ. ಶೆಡ್ಡಿನಿಂದ ಅಂಗೈ ಅಗಲದ ಒಂದು ರಟ್ಟಿನ ತುಂಡು, ಒಂದು ನುಣುಪಾದ ಕಲ್ಲು ತಂದು ಮಲಗುವ ಕೋಣೆಯ ಕಿಟಕಿಯಲ್ಲಿ ಇಟ್ಟಳು.

"ಶೆಡ್ಡಿನ ಲೆಕ್ಕಾನೇ ರೀ" ಎಂದಳು. "ಕಲ್ಲು ಮೇಲಿದ್ರೆ ಬೇಡ. ಪಕ್ಕದಲ್ಲಿದ್ರೆ ಭಯ ಇಲ್ಲ. ನೀವೂ ಕೇಳೋದು ಬೇಡ, ನಾನೂ ಹೇಳೋದು ಬೇಡ."

ಚಿಕ್ಕಪ್ಪ ಕಲ್ಲನ್ನು ನೋಡಿದ, ರಟ್ಟನ್ನು ನೋಡಿದ. "ನರ್ಸಮ್ಮ?" ಎಂದ. ನರ್ಸಮ್ಮ ಹೇಳಿದ್ದು ಇದೇ ತಾನೇ ಎಂದು ಅದರ ಅರ್ಥ.

"ಅವರು ಹೇಳಿದ್ದೇ. ನಂಗೆ ಗೊತ್ತಿಲ್ದೇ ಇರೋ ಅಂಟಾ?"

ಅಜ್ಜಿ ಕಸ ಗುಡಿಸುವಾಗ ಕಿಟಕಿ ನೋಡಿ, "ಇದೇನೇ ಇದು, ಮನೆ ತುಂಬ ಕಲ್ಲು ಮಣ್ಣು ತಂದು ಇಟ್ಕೊಂಡಿದ್ದೀಯ" ಎಂದಳು. "ಕಿಟಕಿ ಗಾಳಿಗೆ ಬಡ್ಕೊಳುತ್ತೆ ಅತ್ತೆ, ಅದಕ್ಕೆ" ಎಂದಳು ಚಿಕ್ಕಮ್ಮ. ಕಿಟಕಿಗೆ ಚಿಲಕ ಇತ್ತು. ಅಜ್ಜಿ ಚಿಲಕವನ್ನೂ ಸೊಸೆಯನ್ನೂ ಒಮ್ಮೆ ನೋಡಿ ಕಸ ಗುಡಿಸಿಕೊಂಡು ಮುಂದೆ ಹೋದಳು.

ಆ ತಿಂಗಳು ಕಲ್ಲು ಕೆಲವು ದಿನ ಮೇಲಿತ್ತು, ಆಮೇಲೆ ಕೆಳಗಿಳಿಯಿತು. ಚಿಕ್ಕಪ್ಪನ ಚಾಪೆ ಒಳಗಿನ ಕೋಣೆಗೆ ಬಂತು. ಮಾರನೆಯ ದಿನ ಶೆಡ್ಡಿನಲ್ಲಿ ಅವನು ಮಷೀನು ಒರೆಸುತ್ತಾ ಗುನುಗಿದ್ದನ್ನು ಕೇಳಿ ಯಜಮಾನರು, "ಏನಯ್ಯಾ, ಲಾಟರಿ ಹೊಡೀತಾ?" ಎಂದರಂತೆ.

ಮುಂದಿನ ಸಭೆಗೆ ಚಿಕ್ಕಮ್ಮ ಹಿಂದೆ ಕೂರಲಿಲ್ಲ, ಮುಂದೆಯೇ ಕೂತಳು. ಕಲಿತದ್ದನ್ನು ಯಾರು ಹೇಳುತ್ತೀರಿ ಎಂದು ನರ್ಸಮ್ಮ ಕೇಳಿದಾಗ ಅವಳೇ ಎದ್ದಳು. ಎರಡು ಬೆರಳು ಎತ್ತಿ, ಅಗಲಿಸಿ, ಗಟ್ಟಿ ಹೇಗೆ, ತಿಳಿ ಹೇಗೆ, ನೂಲು ಎಷ್ಟು ಉದ್ದ ಬಂದರೆ ಏನು, ಎಲ್ಲ ತೋರಿಸಿದಳು. ಅಷ್ಟು ಬಿಡಿಸಿ ಹೇಳಿದವರು ಅಲ್ಲಿ ಇನ್ನೊಬ್ಬರಿರಲಿಲ್ಲ. ನರ್ಸಮ್ಮ ಖುಷಿಯಿಂದ ತಲೆದೂಗುತ್ತಿದ್ದರು. ಕೊನೆಗೆ ಚಿಕ್ಕಮ್ಮ, "ಗಟ್ಟಿ ಇರೋವಾಗ ಜೋಪಾನ, ನೂಲು ಬಂದ ಮೇಲೆ ನಿಶ್ಚಿಂತೆ" ಎಂದು ಮುಗಿಸಿದಳು.

ತೂಗುತ್ತಿದ್ದ ತಲೆ ಅಲ್ಲೇ ನಿಂತಿತು.

"ಅಯ್ಯೋ ನನ್ನವ್ವಾ! ತಲೆಕೆಳಗು ಮಾಡ್ಬಿಟ್ಟೆಯಲ್ಲೇ!"

ನರ್ಸಮ್ಮ ಅವಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು. "ಇದು ಪುಸ್ತಕಕ್ಕೆ ಹಚ್ಚೋ ಅಂಟಲ್ಲಮ್ಮ. ಗಟ್ಟಿ ಇದ್ದಾಗ ಬಾಗಿಲು ಇನ್ನೂ ಅರ್ಧ ಮುಚ್ಚಿರುತ್ತೆ. ತಿಳಿಯಾಗಿ ಜಾರೋ ಹಾಗಾದಾಗಲೇ ದಾರಿ ತೆರೆಯೋದು, ಬೀಜ ಈಜಿಕೊಂಡು ಹೋಗೋದು. ಮಗು ಬೇಕು ಅನ್ನೋರಿಗೆ ನಾನು ಹೇಳಿಕೊಡೋ ದಿನಗಳೇ ಅವು! ಅದೂ ಅಲ್ಲದೆ, ಮೊದಲ ಕೆಲವು ತಿಂಗಳು ಬರೀ ಗಮನಿಸಿ, ನಂಬ್ಕೊಂಡು ನಡೀಬೇಡಿ ಅಂತ ಹೇಳಿದ್ದೆನಲ್ಲ, ಆಗ ಎಲ್ಲಿದ್ದೆ?"

"ಕಾಗೆ ತೋರಿಸ್ತಿದ್ದೆ" ಎಂದಳು ಚಿಕ್ಕಮ್ಮ, ಸಣ್ಣ ದನಿಯಲ್ಲಿ.

ನರ್ಸಮ್ಮನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಮುಟ್ಟು ಬರಬೇಕಾದ ದಿನ ದಾಟಿದರೆ ತಕ್ಷಣ ಬಾ, ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ಹೆದರಬೇಡ ಎಂದು ಬೆನ್ನು ಸವರಿ ಕಳಿಸಿದರು.

ಹೆದರಬೇಡ ಎಂದರೆ ಹೆದರಿಕೆ ಹೋಗುತ್ತದೆಯೇ? ಅವಳು ಮನೆಗೆ ಬಂದು ಕಿಟಕಿಯ ಮುಂದೆ ನಿಂತಾಗ ಕಲ್ಲು ಪಕ್ಕದಲ್ಲಿ ಆರಾಮವಾಗಿ ಕೂತಿತ್ತು. ಅದನ್ನು ನೋಡಿ ಅವಳಿಗೆ ಅಳು ಬಂತು. ಚಿಕ್ಕಪ್ಪನಿಗೆ ಹೇಳಿದಳು. ಆ ದಿನ ಅವನು ಪೂರ್ತಿ ವಾಕ್ಯ ಆಡಿದ: "ನಿನಗೇನಾದ್ರೂ ಆದ್ರೆ ನಾನು ಏನು ಮಾಡ್ಲಿ, ಆ ಮಗು ಏನು ಮಾಡುತ್ತೆ, ಡಾಕ್ಟರಮ್ಮ ಮೂರು ವರ್ಷ ಅಂದಿದ್ರಲ್ಲೇ."

ಬಾಗಿಲಲ್ಲಿ ಪುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಅಜ್ಜಿ ನಿಂತಿದ್ದಳು. "ಏನದು ಮೂರು ವರ್ಷ?"

ಅಜ್ಜಿಗೆ ಒಂದು ಗಾದೆ ಬಲು ಪ್ರೀತಿ. ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ. ಪುಟ್ಟಿ ತೊದಲು ಮಾತಾಡಲು ಶುರುಮಾಡಿದಂದಿನಿಂದ ದಿನಕ್ಕೊಂದು ಸಲವಾದರೂ ಅದು ಆ ಮನೆಯಲ್ಲಿ ಕೇಳುತ್ತಿತ್ತು. ಅಂಥವಳಿಗೆ ಇದನ್ನು ಹೇಳಲು ಇಬ್ಬರಿಗೂ ಹೆದರಿಕೆ. ಆದರೆ ಇನ್ನು ಮುಚ್ಚಿಡುವ ಹಾಗಿರಲಿಲ್ಲ. ರಕ್ತ ಹೋದದ್ದು, ಡಾಕ್ಟರಮ್ಮನ ಮಾತು, ಕೆಮ್ಮಿನ ಔಷಧಿ, ಕಲ್ಲು, ರಟ್ಟು, ನೀರಂಟು ಎಲ್ಲವೂ ಹೊರಗೆ ಬಂತು.

ಅಜ್ಜಿ ಮಂಚದ ಮೇಲೆ ಕೂತು ಪೂರ್ತಿ ಕೇಳಿದಳು. ಆಮೇಲೆ ಮಗನ ತಲೆಗೆ ಒಂದು ಮೊಟಕಿದಳು.

"ನನ್ನ ಹತ್ರ ಮುಚ್ಚಿಡ್ತೀಯೇನೋ? ಈ ಹುಡುಗಿ ಜೀವ ಹೋಗೋ ಹಾಗಿತ್ತು ಅಂತ ಗೊತ್ತಿದ್ರೆ ನಾನು ದಿನಾ ಆ ಹಾಳು ಗಾದೆ ಹೇಳ್ತಿದ್ನಾ?" ಸೊಸೆಯ ಕಡೆ ತಿರುಗಿದಳು. "ನೀನೂ ಸರಿ! ಊರಿಗೆಲ್ಲ ಪುಸ್ತಕ ಅಂಟಿಸ್ತೀಯ, ಬಾಯಿ ಯಾಕೆ ಅಂಟಿಸ್ಕೊಂಡೆ? ಗೊತ್ತಾಗ್ಲಿಲ್ಲ ಅಂದ್ರೆ ಇನ್ನೊಂದು ಸಲ ಕೇಳಬೇಕು." ಪುಟ್ಟಿಯ ತಲೆ ಸವರುತ್ತಾ, "ನಮ್ಮ ಕಾಲದಲ್ಲಿ ಕೇಳೋಕೆ ನರ್ಸಮ್ಮ ಎಲ್ಲಿದ್ಲು? ಆರು ಹೆತ್ತೆ, ಮೂರು ಉಳೀತು. ನನ್ನ ಕಿಟಕೀಲೂ ಒಂದು ಕಲ್ಲಿದ್ದಿದ್ರೆ..." ಎಂದು ಅಷ್ಟಕ್ಕೇ ಬಿಟ್ಟಳು. ಎದ್ದು ಹೋಗಿ ಚಹಾಕ್ಕೆ ನೀರಿಟ್ಟಳು.

ಆಮೇಲಿನ ದಿನಗಳಲ್ಲಿ ಅಜ್ಜಿ ಸೊಸೆಗೆ ಒಂದು ಕೊಡ ನೀರನ್ನೂ ಎತ್ತಲು ಬಿಡಲಿಲ್ಲ. ಚಿಕ್ಕಪ್ಪ ಮಷೀನಿಗೆ ಕಾಗದ ಹೊಂದಿಸಿ, ಬ್ಲೇಡು ಇಳಿಸುವ ಮುಂಚೆ ಪ್ರತಿ ಸಲವೂ ಒಲೆಯ ಕಡೆ ನೋಡುತ್ತಿದ್ದ. ಅವಳು ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಶೆಡ್ಡಿನವರು ಗಂಡ ಹೆಂಡತಿಗೆ ಮಾತು ಬಿಟ್ಟಿದೆ ಎಂದುಕೊಂಡರು. ಮುಟ್ಟು ಬರಬೇಕಾದ ದಿನ ಬಂತು. ಹೋಯಿತು. ಮರುದಿನವೂ ಹೋಯಿತು. ನಾಳೆ ಆಸ್ಪತ್ರೆಗೆ ಹೋಗೋಣ ಎಂದು ನಿಶ್ಚಯವಾಯಿತು.

ಅವತ್ತು ಮಧ್ಯಾಹ್ನ ಊಟದ ಗಂಟೆಯ ಹತ್ತಿರ ಚಿಕ್ಕಮ್ಮ ಬಚ್ಚಲಿಗೆ ಹೋದವಳು ಓಡುತ್ತಾ ಬಂದಳು. ಚಿಕ್ಕಪ್ಪ ಒಂದು ದೊಡ್ಡ ಕಟ್ಟು ಹೊಂದಿಸುತ್ತಿದ್ದ. ಮಷೀನಿನ ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲ, ಕೇಳಿಸಿದರೆ ಎಲ್ಲರಿಗೂ ಕೇಳಿಸುತ್ತದೆ. ಅವಳು ತನ್ನ ಮುಂದಿನ ಒಟ್ಟಿಲ ಮೇಲಿದ್ದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ತಲೆಯ ಮೇಲೆ ಹಿಡಿದು ನಿಂತಳು. ಕಣ್ಣಲ್ಲಿ ನೀರು, ಬಾಯಿ ತುಂಬ ನಗು.

ಚಿಕ್ಕಪ್ಪ ನೋಡಿದ. ಕೈಯಲ್ಲಿದ್ದ ಕಟ್ಟು ಜಾರಿ ಕಾಗದಗಳು ಶೆಡ್ಡಿನ ತುಂಬ ಹಾರಿದವು.

"ಏನಯ್ಯಾ ಅದು!" ಎಂದು ಕೂಗಿದ ಯಜಮಾನರು ಅಂಟಕ್ಕನ ಕಡೆ ತಿರುಗಿದರು. "ಅಮ್ಮಾ ತಾಯಿ, ಆ ಒಟ್ಟಿಲು ಇನ್ನೂ ಹಸಿ ಇದೆ, ಕಲ್ಲು ವಾಪಸ್ ಇಡಮ್ಮ!"

ಆಮೇಲೆ ಕಲಿತದ್ದು ಸರಿಯಾದ ಕಲಿಕೆ. ಈ ಸಲ ನರ್ಸಮ್ಮನ ಹತ್ತಿರ ಇಬ್ಬರೂ ಹೋದರು. ಪುಟ್ಟಿಯನ್ನು ಅಜ್ಜಿ ನೋಡಿಕೊಂಡಳು. "ಈ ಸಲ ಅದೃಷ್ಟ ನಿಮ್ಮ ಕಡೆಗಿತ್ತು, ಪ್ರತಿ ಸಲ ಇರಲ್ಲ" ಎಂದು ನರ್ಸಮ್ಮ ಮೊದಲೇ ಎಚ್ಚರಿಸಿದರು. ತೇವದ ಮೊದಲ ಗುರುತು ಕಂಡ ಕೂಡಲೇ ಕಲ್ಲು ಮೇಲೇರಬೇಕು. ಜಾರುವ ದಿನಗಳೆಲ್ಲ ಅದು ಅಲ್ಲೇ ಇರಬೇಕು. ಜಾರುವುದು ನಿಂತ ಮೇಲೂ ಪೂರ್ತಿ ಮೂರು ದಿನ ಕಾಯಬೇಕು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ ಮೈಯ ಶಾಖವನ್ನೂ ನೋಡಬೇಕು. ಅಂಡ ಬಿಡುಗಡೆಯಾದ ಮೇಲೆ ಅದು ಕೂದಲೆಳೆಯಷ್ಟು ಏರಿ ಅಲ್ಲೇ ನಿಲ್ಲುತ್ತದೆ. ಎರಡೂ ಗುರುತು ಹೊಂದಿದರೆ ಮಾತ್ರ ಕಲ್ಲು ಇಳಿಸುವುದು, ಅನುಮಾನ ಇದ್ದರೆ ಕಲ್ಲು ಮೇಲೆಯೇ. ಕೂದಲೆಳೆಯಷ್ಟು ಎನ್ನುವುದು ಚಿಕ್ಕಪ್ಪನಿಗೆ ಹಿಡಿಸಿತು, ಕಟಿಂಗ್ ಮಷೀನಿನವನಿಗೆ ಅದೇ ತಾನೇ ಕೆಲಸ. ದಿನಾ ಬೆಳಿಗ್ಗೆ ಥರ್ಮಾಮೀಟರು ಓದುವುದನ್ನು ಅವನೇ ವಹಿಸಿಕೊಂಡ. ಬರೀ ಗಮನಿಸುತ್ತಾ ಕೆಲವು ತಿಂಗಳು ಕಾಯಬೇಕಿತ್ತು. ಕಾದರು. ಆ ತಿಂಗಳುಗಳಲ್ಲೂ ಚಾಪೆ ಮುಂದಿನ ಕೋಣೆಗೆ ಹೋಗಲಿಲ್ಲ. ಪಕ್ಕದಲ್ಲಿ ಮಲಗಿ ಮಾತಾಡಿದರೆ ಯಾರೂ ಬಸುರಾಗುವುದಿಲ್ಲ ಎಂದು ನರ್ಸಮ್ಮ ಚಿಕ್ಕಪ್ಪನಿಗೆ ಖುದ್ದಾಗಿ ಹೇಳಿದ್ದರು. ಮಾತಾಡಲು ಅವನು ಅಲ್ಲೇ ಕಲಿತದ್ದು ಎನ್ನುತ್ತಾಳೆ ಚಿಕ್ಕಮ್ಮ.

ಕಲ್ಲಿಗೆ ಅಜ್ಜಿ ಕಾವಲುಗಾರ್ತಿಯಾದಳು. ಪುಟ್ಟಿ ಆಡಲು ಎತ್ತಿಕೊಂಡರೆ, "ಏಯ್, ಮುಟ್ಟಬೇಡ, ಅದು ಅಪ್ಪ ಅಮ್ಮಂದು" ಎಂದು ಕಿತ್ತು ಇದ್ದಲ್ಲೇ ಇಡುತ್ತಿದ್ದಳು.

ಮೂರು ವರ್ಷ ಕಳೆಯಿತು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಗಾಯ ಗಟ್ಟಿಯಾಗಿದೆ, ಇನ್ನು ನಿಮ್ಮಿಷ್ಟ ಎಂದರು. ಇವರಿಗೂ ಇನ್ನೊಂದು ಮಗು ಬೇಕಿತ್ತು. ಮನೆಗೆ ಬಂದು ಚಿಕ್ಕಮ್ಮ ಎಲ್ಲರ ಮುಂದೆಯೇ ಹೇಳಿದಳು: "ಇನ್ಮೇಲೆ ಲೆಕ್ಕ ಉಲ್ಟಾ. ಕಲ್ಲು ಮೇಲಿರೋ ದಿನಗಳೇ ನಮಗೆ ಬೇಕಾದ ದಿನಗಳು." ಚಿಕ್ಕಪ್ಪ ಗಂಭೀರವಾಗಿ ತಲೆಯಾಡಿಸಿದ.

ಒಂದು ಭಾನುವಾರ ಮಧ್ಯಾಹ್ನ ಊಟವಾಗಿತ್ತು. ಚಿಕ್ಕಪ್ಪ ಮಲಗುವ ಕೋಣೆಗೆ ಹೋದ, ಕಿಟಕಿ ನೋಡಿದ, ಕಲ್ಲು ಮೇಲಿತ್ತು. ಇಷ್ಟು ದಿನದ ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ? ಅವನು ಸುಮ್ಮನೆ ಹೊರಗೆ ಬಂದು, ಚಪ್ಪಲಿ ಹಾಕಿಕೊಂಡು, ಸೈಕಲ್ಲಿಗೆ ಎಣ್ಣೆ ಬಿಡಲು ಕೂತ.

ಅಡುಗೆಮನೆಯಿಂದ ಅಜ್ಜಿ ಇಣುಕಿದಳು. ಕೋಣೆಗೆ ಹೋಗಿ ಕಿಟಕಿ ನೋಡಿ ಬಂದಳು. ಆಮೇಲೆ ಬೀದಿಗೆಲ್ಲ ಕೇಳಿಸುವಂತೆ ಕೂಗಿದಳು.

"ಲೋ ಮಂಕೇ! ಉಲ್ಟಾ ಕಣೋ! ಈಗ ಉಲ್ಟಾ!"

ಚಿಕ್ಕಪ್ಪನಿಗೆ ಹಳೆಯ ಕೆಮ್ಮು ಬಂತು. ಅಜ್ಜಿ ಪುಟ್ಟಿಯ ಕೈ ಹಿಡಿದುಕೊಂಡು, "ನಾವು ಪಾರ್ಕಿಗೆ ಹೋಗ್ತೀವಿ, ಜಾರುಬಂಡೆ ಆಡ್ಕೊಂಡು ನಿಧಾನವಾಗಿ ಬರ್ತೀವಿ" ಎಂದು ಹೇಳಿ, ಗೇಟು ಎಳೆದುಕೊಂಡು ಹೊರಟಳು.

ಪುಟ್ಟಿಯ ತಮ್ಮನಿಗೆ ಈಗ ಹಲ್ಲು ಬರುತ್ತಿದೆ. ಈ ಸಲ ಹೆರಿಗೆಯಲ್ಲಿ ಏನೂ ತೊಂದರೆಯಾಗಲಿಲ್ಲ. ಹೆತ್ತ ಮೇಲೆ ಮೈಯ ಗುರುತುಗಳು ಬದಲಾಗಿರುತ್ತವೆ, ಹೊಸದಾಗಿ ಕಲಿಯಬೇಕು ಎಂದು ನರ್ಸಮ್ಮ ಹೇಳಿದ್ದರಿಂದ ಚಿಕ್ಕಮ್ಮ ಮತ್ತೆ ಅಲ್ಲಿಗೆ ಹೋಗುತ್ತಿದ್ದಾಳೆ. ಮುಂದೆಯೇ ಕೂರುತ್ತಾಳೆ. ಹಿಂದೆ ಯಾರದಾದರೂ ಮಗು ಅತ್ತರೆ, "ತಡೀರಿ ನರ್ಸಮ್ಮ, ಅವಳು ಕಾಗೆ ತೋರಿಸಿ ಬರ್ಲಿ, ಆಮೇಲೆ ಹೇಳಿ" ಎನ್ನುತ್ತಾಳೆ.